ರೊಟ್ಟಿಯ ಮೇಲಿನ ಅಂಗೈ

ದೇಸಾಯರ ಮನೆಯಲ್ಲಿ ರೊಟ್ಟಿ ಬಡಿಯುವ ನೀಲಗಂಗವ್ವನ ಕೈ ನೋಡಿ, ಅತಿಥಿಯಾಗಿ ಬಂದಿದ್ದ ಜೋಯಿಸರು ಮುಖ ಸಿಂಡರಿಸಿದರು.

"ಅನ್ನರೇಖೆ ತುಂಡಾಗಿದೆ. ಇವಳ ಕೈಯಡುಗೆ ಉಂಡ ಮನೆ ಬರಿದಾಗುತ್ತದೆ. ನಾಳೆಯೇ ಕೆಲಸ ಬಿಡಿಸಿ."

ದೇಸಾಯರು ಒಪ್ಪಿ ತಲೆಯಾಡಿಸಿದರು. ನೀಲಗಂಗವ್ವನ ಮೂರು ಮಕ್ಕಳ ಹೊಟ್ಟೆ ಆ ಕೈಯ ಮೇಲೇ ನಿಂತಿತ್ತು. ಅವಳು ಮೆಲ್ಲಗೆ ಕೇಳಿದಳು.

"ಯಾವ ಕೈ ನೋಡಬೇಕ್ರೀ, ಅಪ್ಪಾರ?"

"ದುಡಿಯೋ ಕೈ."

"ಗೆರಿ ಬದಲಾಗ್ತಾವೇನ್ರೀ?"

"ಬ್ರಹ್ಮ ಬರೆದದ್ದು. ಸಾಯೋತನಕ ಬದಲಾಗೋದಿಲ್ಲ."

ಮರುದಿನ, ಅವಳ ಕೆಲಸದ ಕೊನೆಯ ದಿನ, ಊಟಕ್ಕೆ ಜೋಯಿಸರ ತಾಟಿಗೆ ದಪ್ಪನೆಯ ಬಿಸಿ ರೊಟ್ಟಿ ಬಂತು. ಅದರ ನಡುವೆ ಸೊಟ್ಟ ಕಿರುಬೆರಳಿನ ಒಂದು ಬಲಗೈ ಗೆರೆಗೆರೆಯಾಗಿ ಅಚ್ಚೊತ್ತಿತ್ತು. ಅಡುಗೆಮನೆ ಬಾಗಿಲಲ್ಲಿ ದೇಸಾಯರ ಹೆಂಡತಿ ಹಿಟ್ಟಿನ ಕೈಯಲ್ಲಿ ನಿಂತಿದ್ದರು.

"ಈ ಕೈ ಅಡುಗೆಗೆ ಆದೀತೇನ್ರೀ?" ಎಂದಳು ನೀಲಗಂಗವ್ವ.

ಜೋಯಿಸರು ಬಾಗಿಲ ಕಡೆ ನೋಡಿ ನಕ್ಕರು. "ಅನ್ನಪೂರ್ಣೆಯ ಕೈ. ಅನ್ನರೇಖೆ ಹೊಳೆಯ ಹಾಗೆ ಹರಿದಿದೆ. ಈ ಮನೆಗೆ ಕೊರತೆಯಿಲ್ಲ."

ನೀಲಗಂಗವ್ವ ರೊಟ್ಟಿಯ ಪಕ್ಕ ತನ್ನ ಅಂಗೈ ಹಿಡಿದಳು. ಅದೇ ಸೊಟ್ಟ ಕಿರುಬೆರಳು, ಅದೇ ಗೆರೆಗಳು. ದೇಸಾಯರು ಗರ್ಭಗುಡಿಯ ಮುಂದೆ ನಿಂತವರ ಹಾಗೆ ಉಸಿರು ಬಿಗಿಹಿಡಿದು ನೋಡಿದರು.

"ಒಂದೇ ದಿನದಾಗ ಗೆರಿ ಕೂಡಿಕೊಂಡಾವೇನ್ರೀ, ಅಪ್ಪಾರ?"

ಜೋಯಿಸರು ಅಚ್ಚಿದ್ದ ಕಡೆಯೇ ರೊಟ್ಟಿ ಮುರಿದು ಗಬಗಬನೆ ಬಾಯಿಗಿಟ್ಟುಕೊಂಡರು.

"ಸಾವಕಾಶ ಉಣ್ರಿ," ಎಂದರು ದೇಸಾಯರು. "ನಾಳೆನೂ ಆಕೀನ ಬಡೀತಾಳ."