ನಾಲ್ಕನೆಯ ದಿನ ಬರುವವಳು

ಬೆಟಗೇರಿಯ ನೇಕಾರರ ಓಣಿಯಲ್ಲಿ ಜೀವರತ್ನಮ್ಮ ಎಂಬ ಹೆಣ್ಣುಮಗಳಿದ್ದಳು. ಓಣಿಯ ಚಿಕ್ಕ ಚರ್ಚಿನಲ್ಲಿ ಭಾನುವಾರ ಹಾಡು ಎತ್ತಿಕೊಡುವವಳು ಆಕೆಯೇ. ಆಕೆ ಬಾಯಿ ತೆರೆದರೆ ಹಾರ್ಮೋನಿಯಂ ಬಾರಿಸುವವನು ಕೈಕಟ್ಟಿ ಕೂತರೂ ನಡೆಯುತ್ತಿತ್ತು. ಹಾಡಿನಷ್ಟೇ ಸತ್ಯವೇದದ ವಾಕ್ಯಗಳೂ ಆಕೆಗೆ ಬಾಯಿಪಾಠ. ಮಳೆ ಬಂದರೆ ಒಂದು ವಾಕ್ಯ, ಬಾರದಿದ್ದರೆ ಇನ್ನೊಂದು. ಸೊಸೆ ಸಾರಿಗೆ ಉಪ್ಪು ಮರೆತ ದಿನಕ್ಕೂ ಒಂದು ವಾಕ್ಯ ಸಿದ್ಧವಾಗಿರುತ್ತಿತ್ತು, ಪಾಪ ಆ ಸೊಸೆ!

ಅಲ್ಲಿಯ ಕ್ರೈಸ್ತರಲ್ಲಿ ಒಂದು ಪದ್ಧತಿ ಇತ್ತು. ಯಾರ ಮನೆಯಲ್ಲಾದರೂ ಸಾವಾದರೆ, ಮಣ್ಣು ಮಾಡಿ ಬಂದ ಮೇಲೆ ಮೂರು ಸಂಜೆ ಹಾಡಿನ ಮಂಡಳಿಯವರು ಆ ಮನೆಗೆ ಹೋಗುತ್ತಿದ್ದರು. ಹಾಡು ಹೇಳುತ್ತಿದ್ದರು. ಒಬ್ಬೊಬ್ಬರೂ ಒಂದು ಸಮಾಧಾನದ ವಾಕ್ಯ ಹೇಳಿ, ಚಹಾ ಕುಡಿದು ಏಳುತ್ತಿದ್ದರು. ಮೂರನೆಯ ಸಂಜೆಗೆ ದುಃಖ ಮುಗಿಯಿತೆಂದೇ ಎಲ್ಲರ ಲೆಕ್ಕ. ನಾಲ್ಕನೆಯ ದಿನ ಆ ಕಡೆ ಯಾರೂ ತಲೆ ಹಾಕುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅದೇ ಓಣಿಯ ಸಾಲೋಮಿ ಎಂಬ ಹುಡುಗಿಯ ಮೂರು ವರ್ಷದ ಮಗ ದಾನು ಜ್ವರ ಬಂದು ತೀರಿಕೊಂಡ. ಮೊದಲ ಸಂಜೆ ಜೀವರತ್ನಮ್ಮ ಆರು ಹಾಡು ಹಾಡಿದಳು. ಆಮೇಲೆ ಸಾಲೋಮಿಯ ಗಲ್ಲ ಹಿಡಿದು, "ಅಳಬ್ಯಾಡವಾ. ಚಲೋ ಹೂವು ಅಂತ ದೇವರು ತನ್ನ ತೋಟಕ್ಕ ಒಯ್ದಾನ. ನೀ ಸಂತೋಷ ಪಡಬೇಕು," ಅಂದಳು.

ಸಾಲೋಮಿ ಗೋಡೆಯ ಕಡೆ ಮುಖ ತಿರುಗಿಸಿ ಕೂತಳು.

ಜೀವರತ್ನಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಎಷ್ಟ ಸೊಕ್ಕ ನೋಡ್ರಿ ಆಕಿಗೆ! ದೇವರ ಮಾತು ಹೇಳಿದ್ರ ಮಾರಿ ತಿರುಗಸ್ತಾಳ," ಎಂದು ಮನೆ ಮುಟ್ಟುವತನಕ ಗೊಣಗಿದಳು.

ಮಳೆಗಾಲ ಹಿಡಿಯುವ ಹೊತ್ತಿಗೆ ಜೀವರತ್ನಮ್ಮನ ಗಂಟಲಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಅದು ಧ್ವನಿಯ ನರವನ್ನೇ ಸುತ್ತಿಕೊಂಡಿತ್ತು. ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಉಳಿದದ್ದು ಒಂದು ಪಿಸುಮಾತು, ಅದೂ ಮಗ್ಗುಲಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು.

ಆಕೆ ಚರ್ಚಿಗೆ ಹೋಗುವುದನ್ನು ಬಿಟ್ಟಳು. ಮಂಚದ ಮೇಲೆ ಕೂತು ದೇವರ ಜೊತೆ ಜಗಳ ತೆಗೆದಳು. "ನಿನ್ನ ಹೆಸರು ಎತ್ತಿ ಹಾಡಾಕ ಇದ್ದದ್ದು ಇದೊಂದ ಗಂಟಲಾ. ಅದೂ ಹೋತು. ಇನ್ನ ನಾ ಬದುಕಿ ಏನ್ ಮಾಡ್ಲಿ? ನೀನ ಹೇಳು." ಆತ ಏನೂ ಹೇಳಲಿಲ್ಲ.

ಒಂದು ಸಂಜೆ ಹಾಡಿನ ಮಂಡಳಿಯವರು ಆಕೆಯನ್ನು ನೋಡಲು ಬಂದರು. ಒಬ್ಬಳು, "ದೇವರ ಚಿತ್ತ, ಅಕ್ಕಾರ," ಅಂದಳು. ಇನ್ನೊಬ್ಬಳು, "ನಿಮ್ಮ ನಂಬಿಕಿ ಪರೀಕ್ಷಾ ಮಾಡಾಕತ್ತಾನ," ಅಂದಳು. ಮೂರನೆಯವಳು ಇನ್ನೂ ಧಾರಾಳಿ. "ನೀವು ಚಿಂತಿ ಮಾಡಬ್ಯಾಡ್ರಿ. ಹಾಡೋರು ಬ್ಯಾರೇವ್ರು ಸಿಕ್ಕಾರ," ಅಂದಳು! ಎಲ್ಲವೂ ಸಮಾಧಾನದ ಮಾತೇ. ಅರ್ಧಕ್ಕರ್ಧ ಜೀವರತ್ನಮ್ಮ ಕಲಿಸಿಕೊಟ್ಟದ್ದೇ. ಆದರೂ ಒಂದೊಂದು ಮಾತು ಬಿದ್ದಾಗಲೂ ಗಂಟಲ ಹೊಲಿಗೆ ಬಿಚ್ಚಿದಷ್ಟು ನೋವಾಯಿತು. ಆಕೆ ಮೆಲ್ಲಗೆ ಗೋಡೆಯ ಕಡೆ ಹೊರಳಿ ಮಲಗಿದಳು.

ಗೋಡೆಯ ಸುಣ್ಣ ಕಣ್ಣೆದುರು ಬಂದಾಗ ಆಕೆಗೆ ಸಾಲೋಮಿ ನೆನಪಾದಳು. ಅಯ್ಯೋ, ಅದು ಸೊಕ್ಕಲ್ಲ, ಹೀಗೆ ನೋಯುತ್ತಿತ್ತು ಆ ಹುಡುಗಿಗೆ! ಆಗಲೇ ಇನ್ನೊಂದೂ ಹೊಳೆಯಿತು. ಸತ್ತ ಗೆಳೆಯನನ್ನು ಯೇಸುಸ್ವಾಮಿ ಸಮಾಧಿಯಿಂದ ಎಬ್ಬಿಸಿದ ಸಂಗತಿಯನ್ನು ಆಕೆ ನೂರು ಮನೆಯಲ್ಲಿ ಹೇಳಿದ್ದಳು. ಎಬ್ಬಿಸುವುದಕ್ಕೆ ಮೊದಲು ಆತ ಅಲ್ಲಿ ನಿಂತು ಅತ್ತದ್ದನ್ನು ಮಾತ್ರ ಒಂದು ಮನೆಯಲ್ಲೂ ಹೇಳಿರಲಿಲ್ಲ. "ತಪ್ಪಾತಪ್ಪಾ, ನನ್ನ ಸ್ವಾಮಿ," ಎಂದು ಪಿಸುಗುಟ್ಟಿದಳು. ಅಂದು ಜಗಳ ಮುಂದುವರಿಯಲಿಲ್ಲ.

ಮರುದಿನ ಬೆಳಿಗ್ಗೆ ಜೀವರತ್ನಮ್ಮ ಸಾಲೋಮಿಯ ಮನೆಗೆ ಹೋದಳು. ಗಂಡ ಕಲಸಿಕೊಟ್ಟ ಅನ್ನವನ್ನು ಸಾಲೋಮಿ ಎರಡು ತುತ್ತಿಗಿಂತ ಹೆಚ್ಚು ತಿನ್ನುತ್ತಿರಲಿಲ್ಲ. ಮಗ ಹೋದಾಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಹೀಗೇ ಆದರೆ ಇವಳೂ ಉಳಿಯುವುದಿಲ್ಲ ಎಂದು ಗಂಡ ಹೆದರಿದ್ದ. ನೂಲು ಸುತ್ತುವ ಅವಳ ರಾಟೆ ಧೂಳು ಹಿಡಿದು ಮೂಲೆ ಸೇರಿತ್ತು.

ಜೀವರತ್ನಮ್ಮ ಏನೂ ಮಾತಾಡಲಿಲ್ಲ. ಆಡಲು ಧ್ವನಿಯೂ ಇರಲಿಲ್ಲವಲ್ಲ! ರಾಟೆಯ ಧೂಳು ಒರೆಸಿ, ಪಕ್ಕದಲ್ಲಿ ಕೂತು ನೂಲು ಸುತ್ತಿದಳು. ಮಧ್ಯಾಹ್ನ ಎದ್ದು ಹೋದಳು. ಎರಡನೆಯ ದಿನವೂ ಬಂದಳು. ಮೂರನೆಯ ದಿನವೂ ಅಷ್ಟೇ.

ನಾಲ್ಕನೆಯ ದಿನ ಬುಟ್ಟಿಯಲ್ಲಿ ನೂಲು ಮುಗಿಯಿತು. ಗೂಟಕ್ಕೆ ಇನ್ನೊಂದು ನೂಲಿನ ಲಡಿ ತೂಗುಬಿದ್ದಿತ್ತು, ತುಂಬಾ ಸಿಕ್ಕಾಗಿತ್ತು. ಬಿಡಿಸೋಣವೆಂದು ಜೀವರತ್ನಮ್ಮ ಕೈ ಚಾಚಿದಳು.

"ಅದನ್ನ ಮುಟ್ಟಬ್ಯಾಡ್ರಿ!" ಎಂದು ಸಾಲೋಮಿ ಕೂಗಿದಳು. "ಅದು ದಾನು ಸಿಕ್ಕ ಮಾಡಿದ್ದು. ಜ್ವರ ಬರೂ ಹಿಂದಿನ ದಿನ. ನಾ ಅವಗ ಎರಡು ಏಟು ಹಾಕಿದ್ನಿ, ದೊಡ್ಡವ್ವಾ."

ಹಳೆಯ ಜೀವರತ್ನಮ್ಮನಾಗಿದ್ದರೆ ಇದಕ್ಕೂ ಒಂದು ವಾಕ್ಯ ಹುಡುಕುತ್ತಿದ್ದಳು. ಈಗ ಆಕೆ ಕೈ ಹಿಂದಕ್ಕೆ ತೆಗೆದುಕೊಂಡಳು. ಎಳೆ ಎಳೆಯಲ್ಲೂ ಗಂಟು ಬಿದ್ದ ಆ ಲಡಿಯನ್ನು ನೋಡುತ್ತ ನೋಡುತ್ತ ಆಕೆಯ ಕಣ್ಣಲ್ಲಿ ನೀರು ಇಳಿಯಿತು. ಸಾಲೋಮಿ ಅದನ್ನು ನೋಡಿದಳು. ಇಷ್ಟು ದಿನ ಎಲ್ಲರೂ ಅಳಬೇಡವೆಂದಿದ್ದರು, ಅವಳ ಜೊತೆ ಕೂತು ಅತ್ತವರಿರಲಿಲ್ಲ. ಅವಳು ಜೀವರತ್ನಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತಳು.

ಅತ್ತು ಹಗುರಾದ ಮೇಲೆ, "ಒಂದ ಹಾಡ ಹಾಡ್ರಿ ದೊಡ್ಡವ್ವಾ," ಅಂದಳು.

"ಎಲ್ಲಿ ಹಾಡ್ಲವಾ? ಧ್ವನಿ ಸತ್ತು ಹೋಗೇತಿ," ಎಂದು ಜೀವರತ್ನಮ್ಮ ಪಿಸುಗುಟ್ಟಿದಳು.

"ಇಷ್ಟ ಸಾಕ್ರಿ. ದಾನುನ ಮಲಗಸೂಮುಂದ ನಾನೂ ಇಷ್ಟ ಸಣ್ಣಗ ಹಾಡ್ತಿದ್ನಿ."

ಜೀವರತ್ನಮ್ಮ ಹಾಡಿದಳು. ಚರ್ಚಿನ ಬಾಗಿಲು ದಾಟಿ ಬೀದಿಗೆ ಕೇಳುತ್ತಿದ್ದ ಹಾಡು ಆ ದಿನ ಒಬ್ಬಳ ಕಿವಿಗೆ ಮಾತ್ರ ಕೇಳಿಸಿತು. ಆ ರಾತ್ರಿ ಸಾಲೋಮಿ ಹೊಟ್ಟೆ ತುಂಬ ಉಂಡಳು. ವಾರ ಕಳೆದ ಮೇಲೆ ರಾಟೆಯ ಮುಂದೆ ಅವಳೇ ಕೂತಳು. ಗೂಟದ ಲಡಿ ಮಾತ್ರ ಹಾಗೇ ಇತ್ತು, ಅದನ್ನು ಯಾರೂ ಬಿಡಿಸಲಿಲ್ಲ.

ಜೀವರತ್ನಮ್ಮನ ಧ್ವನಿ ಮರಳಿ ಬರಲೇ ಇಲ್ಲ. ಆದರೆ ಬದುಕಿ ಏನು ಮಾಡಲಿ ಎಂದು ಆಕೆ ಮತ್ತೆ ದೇವರನ್ನು ಕೇಳಲಿಲ್ಲ, ಪುರುಸೊತ್ತೇ ಇರಲಿಲ್ಲ. ಈಗಲೂ ಆ ಓಣಿಯಲ್ಲಿ ಸಾವಾದರೆ ಮೂರು ಸಂಜೆ ಮಂಡಳಿಯವರು ಹಾಡಿ ಹೋಗುತ್ತಾರೆ. ನಾಲ್ಕನೆಯ ದಿನ ಬೆಳಿಗ್ಗೆ ಜೀವರತ್ನಮ್ಮ ಬರುತ್ತಾಳೆ. ಆಕೆಯ ಜೊತೆ ಸಾಲೋಮಿಯೂ ಬರುತ್ತಾಳೆ.

ನೀತಿ: ಕಷ್ಟ ಯಾಕೆ ಬಂತೆಂದು ದೇವರು ನಮಗೆ ಹೇಳದೆ ಇರಬಹುದು. ಆದರೆ ಮುರಿದದ್ದನ್ನು ಮುರಿದ ಹಾಗೆಯೇ ಆತನ ಕೈಗೆ ಕೊಟ್ಟರೆ, ಅದರಿಂದಲೇ ಇನ್ನೊಬ್ಬರ ಕಣ್ಣೀರು ಒರೆಸುತ್ತಾನೆ. ನೊಂದವರ ಮನೆಗೆ ಹೋಗುವಾಗ ಬಾಯಿತುಂಬ ಮಾತು ಒಯ್ಯಬೇಡಿ, ಅವರ ಪಕ್ಕದಲ್ಲಿ ಕೂರುವಷ್ಟು ಸಮಯ ಒಯ್ಯಿರಿ.