ಮಂಟಪದ ದೀಪಸರ

ಬೆಳಕಿಗೇ ಬೆಳಕಾದ ಪರಮಾತ್ಮನಿಗೆ ಮೊದಲು ಕೈಮುಗಿಯೋಣ.

ದೇವರ ಹಿತ್ತಾಳೆ ಮಂಟಪಕ್ಕೆ ಸುತ್ತಿಕೊಂಡಿದ್ದ ಸೀರಿಯಲ್ ಲೈಟಿನ ಸರಕ್ಕೆ ಬಲು ಜಂಬ. ಅದರ ವೈರು ಒಂದೆಡೆ ಸುಲಿದಿತ್ತು.

"ಸುಲಿದ ಮೈಯಲ್ಲಿ ಹಿತ್ತಾಳೆಯನ್ನು ತಬ್ಬಬಾರದೆಂದು ನಿಯಮವಿದೆ ತಂಗಿ, ಮುಟ್ಟಿದವರಿಗೆ ಶಾಕ್ ಹೊಡೆದೀತು," ಎಂದಿತು ಪಕ್ಕದ ಗೂಡಿನಲ್ಲಿದ್ದ, ಕರೆಂಟು ಇದೆಯೇ ಎಂದು ನೋಡುವ ಟೆಸ್ಟರ್.

"ನಿಯಮವೆಲ್ಲ ಗೀಸರಿನಂಥ ದೊಡ್ಡವರಿಗೆ, ಟೆಸ್ಟರಣ್ಣ! ನನ್ನ ಬಲ್ಬು ಸಾಸಿವೆಯಷ್ಟು. ಬ್ಯಾಟರಿ ದೀಪಕ್ಕೆ ಯಾರಾದರೂ ಹೀಗೆ ಹೇಳುತ್ತಾರೆಯೇ?"

"ಅದು ಕುಡಿಯುವುದು ಬ್ಯಾಟರಿಯ ಗುಟುಕು. ನೀನು?"

"ಗೋಡೆಯ ಕರೆಂಟು..."

"ಗೀಸರೂ ಅದನ್ನೇ ಕುಡಿಯುವುದು."

ಅಷ್ಟರಲ್ಲಿ ಮನೆಯೊಡತಿ ಗೋದಾವರಮ್ಮ ಒದ್ದೆ ಮಡಿಯುಟ್ಟು, ಅಭಿಷೇಕದ ತಂಬಿಗೆ ಹಿಡಿದು ಬಂದು ಮಂಟಪದತ್ತ ಕೈಚಾಚಿದರು. ಸರದ ಜಂಬ ಜರ್ರನೆ ಇಳಿಯಿತು. "ಸ್ವಾಮೀ, ತಾಯಿಯನ್ನು ಕಾಪಾಡು!" ಎನ್ನುತ್ತ ತನ್ನ ಪಿನ್ನನ್ನು ತಾನೇ ಗೋಡೆಯಿಂದ ಕಿತ್ತುಕೊಂಡಿತು.

"ಕರೆಂಟು ಹೋಯಿತೇ? ಹೋಗಲಿ ಬಿಡು, ನಮ್ಮಪ್ಪನಿಗೆ ತುಪ್ಪದ ದೀಪವೇ ಸಾಕು," ಎಂದು ಗೋದಾವರಮ್ಮ ನಗುತ್ತ ನೀರೆರೆದರು.

ಕೇಳಿದವರ ಮನೆಯ ಬೆಳಕನ್ನೂ, ಅದನ್ನು ಹಚ್ಚುವ ಕೈಗಳನ್ನೂ ಭಗವಂತ ಕಾಯಲಿ.