ಒಂದೇ ಸಂದಿನಲ್ಲಿ ಎರಡು ಆಮೆ

ಭೂಮಿ ಇನ್ನೂ ಹಸಿ ಹಸಿಯಾಗಿದ್ದ ಕಾಲ. ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೇ ಸರಿಯಾಗಿ ತಿಳಿದಿರಲಿಲ್ಲ. ಆಗ ಆಮೆಗಳ ಬೆನ್ನ ಮೇಲೆ ಚಿಪ್ಪೂ ಇರಲಿಲ್ಲ.

ಭೂಮಿತಾಯಿ ಎಲ್ಲರಿಗೂ ಮನೆ ಹಂಚಿದಳು. ಹುಲಿಗೆ ಗುಹೆ, ಗಿಳಿಗೆ ಪೊಟರೆ. ನಿಧಾನವೇ ಪ್ರಧಾನ ಎನ್ನುತ್ತ ಆಮೆಗಳು ಬರುವಷ್ಟರಲ್ಲಿ ಉಳಿದದ್ದು ಬಂಡೆಯಡಿಯ ಒಂದೇ ಒಂದು ಸಂದು. ದೊಡ್ಡ ಆಮೆ ಬೊಮ್ಮ, ಪುಟ್ಟ ಆಮೆ ಕಿನ್ನಿ, ಇಬ್ಬರೂ ಅದರಲ್ಲೇ ಸೇರಿಕೊಂಡರು.

ಮಾರನೆಯ ದಿನದಿಂದಲೇ ಬೊಮ್ಮ ತಳ್ಳತೊಡಗಿದ. ಕಿನ್ನಿ ಸೊಪ್ಪಿಗೆ ಬಾಯಿ ಹಾಕಿದರೆ ತಳ್ಳುವನು. ಬಿಸಿಲಿಗೆ ಮೈಯೊಡ್ಡಿದರೆ ತಳ್ಳುವನು. ಮಲಗಿದರೆ ಅವಳ ಮೇಲೇ ಹತ್ತಿ ಕೂರುವನು. ಕಿನ್ನಿಗೆ ನೋವಾಗುತ್ತಿತ್ತು. ಆದರೆ ನೋವಿಗಿಂತ ಕುತೂಹಲವೇ ಹೆಚ್ಚು.

"ಗಾಳಿಯಣ್ಣಾ, ಬೊಮ್ಮಣ್ಣ ನನ್ನನ್ನ ಯಾಕೆ ತಳ್ತಾನೆ?"

"ಅಯ್ಯೋ ಹುಚ್ಚಿ, ಅದು ಪ್ರೀತಿ ಕಣೇ! ನಿನ್ನ ಮೇಲೇ ಮಲಗಿರೋದನ್ನ ನಾನೇ ನೋಡಿದೀನಿ," ಎಂದು ಗಾಳಿಯಣ್ಣ ನಿಲ್ಲದೆ ಹೋದ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ!

"ಹೊಳೆಯಕ್ಕಾ, ಯಾಕೆ ತಳ್ತಾನೆ?"

"ಆಟ ಇರಬೇಕು. ನನ್ನ ಅಲೆಗಳೂ ತಳ್ಳಾಡ್ತಾವಲ್ಲ," ಎಂದಳು ಹೊಳೆಯಕ್ಕ.

ಇರುವೆಯಜ್ಜಿ ಮಾತ್ರ ಹತ್ತಿರ ಬಂದು ನೋಡಿದಳು. "ಆಟ ಅಂತೆ, ಪ್ರೀತಿ ಅಂತೆ! ನಿನ್ನ ಹೊಟ್ಟೆ ಬೆನ್ನಿಗೆ ಅಂಟಿದೆಯಲ್ಲೇ. ಹೀಗೇ ಆದ್ರೆ ನೀನು ಮಳೆಗಾಲ ಕಾಣಲ್ಲ. ಹೋಗು, ಅವನನ್ನೇ ಕೇಳು."

ಕಿನ್ನಿಗೆ ಭಯವಾಯಿತು. ಆದರೂ ಕೇಳಿದಳು.

ಬೊಮ್ಮ ಅವಳತ್ತ ಕತ್ತು ತಿರುಗಿಸಿದ. "ನೀನು ಕಣ್ಣಿಗೆ ಬಿದ್ರೆ ಸಾಕು ಕಣೇ, ನಂಗೆ ಮನೆಯೇ ಇಲ್ಲ ಅನ್ಸಿಬಿಡತ್ತೆ," ಎಂದ. ಎಂದವನೇ ಮತ್ತೆ ತಳ್ಳಿದ.

ಇಷ್ಟು ದೊಡ್ಡವನಿಗೂ ಹೆದರಿಕೆಯೇ! ಕಿನ್ನಿ ನೇರ ಭೂಮಿತಾಯಿಯ ಬಳಿ ಹೋದಳು.

"ಅಮ್ಮಾ, ಅವನನ್ನ ಬೈಬೇಡ. ಇಬ್ಬರನ್ನೂ ಒಂದೇ ಸಂದಿಗೆ ತುರುಕಿದ್ದು ನೀನು. ನಂಗೆ ಬೇರೆ ಮನೆ ಕೊಡು."

ಭೂಮಿತಾಯಿಗೆ ನಾಚಿಕೆಯಾಯಿತು. ಅಣ್ಣತಮ್ಮಂದಿರಿಗೆ ಪಾಲು ಮಾಡುವ ಹಾಗೆ ಆ ಬಂಡೆಯನ್ನೇ ಎರಡು ಹೋಳು ಮಾಡಿದಳು. ಬೋಗುಣಿಯಂತೆ ಕೊರೆದು ಇಬ್ಬರ ಬೆನ್ನಿಗೂ ಒಂದೊಂದು ಕೂರಿಸಿದಳು. "ಇನ್ನು ನಿಮ್ಮ ಮನೆಯಿಂದ ನಿಮ್ಮನ್ನ ಯಾರೂ ಹೊರಗೆ ತಳ್ಳೋಕಾಗಲ್ಲ. ದೂರ ದೂರ ಬದುಕಿಕೊಳ್ಳಿ," ಎಂದಳು.

ಬೊಮ್ಮ ಪೂರ್ವಕ್ಕೆ ಹೋದ, ಕಿನ್ನಿ ಪಶ್ಚಿಮಕ್ಕೆ. ಅಂದು ಕಿನ್ನಿ ಹೊಟ್ಟೆ ತುಂಬ ಸೊಪ್ಪು ತಿಂದಳು. ಎಂಥ ಸುಖ ಅವಳಿಗೆ!

ಮನೆ ಬಂತು, ಆದರೆ ಹಳೆಯ ಹೆದರಿಕೆ ಆಮೆಗಳನ್ನು ಬಿಡಲಿಲ್ಲ. ಅದಕ್ಕೇ ಮಗು, ಇಂದಿಗೂ ಎರಡು ಆಮೆಗಳನ್ನು ಒಂದೇ ತೊಟ್ಟಿಯಲ್ಲಿಟ್ಟರೆ ಒಂದು ಇನ್ನೊಂದನ್ನು ತಳ್ಳಿ ಮೇಲೆ ಹತ್ತುತ್ತದೆ. ಕೆಳಗೆ ಸಿಕ್ಕಿಕೊಂಡದ್ದು ತಲೆ ಒಳಗೆಳೆದುಕೊಂಡು, ನೀನು ಇನ್ನೊಂದು ತೊಟ್ಟಿ ತರುವವರೆಗೂ ಹೊರಗೆ ಇಣುಕುವುದೇ ಇಲ್ಲ.